ಜೋಡಿಚಕ್ರ ವಾಯುಮೀಮಾಂಸೆ

ಹಿಂದಿನ ಆಕ್ಸಲ್‌ನ ಒಂದೊಂದು ತುದಿಗೆ ಎರಡೆರಡು ಟಯರುಗಳನ್ನು ಒತ್ತೊತ್ತಿಗೆ ಬಿಗಿದು, ಮೇಲೆ ಅಡುಗೆಮನೆ, ಮಂಚ, ಕಕ್ಕಸುಗಳನ್ನು ಹೇರಿ ಓಡಿಸುವ ವಾಹನಕ್ಕೆ ಮನೆಬಂಡಿ ಎಂದು ಹೆಸರು. ಕರ್ನಾಟಕದಲ್ಲಿ ಇದನ್ನು ಕ್ಯಾರವಾನ್ ಎನ್ನುತ್ತಾರೆ. ಅಲ್ಲಿ ಒಳಗೆ ಸಿನಿಮಾ ನಟರು ಕೂತಿರುವುದರಿಂದ ಜನ ಕಿಟಕಿ ನೋಡುತ್ತಾರೆಯೇ ಹೊರತು ಟಯರು ನೋಡುವುದಿಲ್ಲ. ಹೀಗಾಗಿ ಜೋಡಿ ಟಯರುಗಳಿಗೆ ಗಾಳಿ ತುಂಬುವ ಈ ಶಾಸ್ತ್ರ ಆ ನೆಲದಲ್ಲಿ ಬೆಳೆಯಲಿಲ್ಲ. ಕುವೈತ್‌ನಲ್ಲಿ ಹಾಗಲ್ಲ. ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಅಲ್ಲಿ ಬಿಡಾರದ ಕಾಲ. ಸುಬಿಯಾ, ಸಾಲ್ಮಿ, ವಫ್ರಾ ಕಡೆಯ ಬಯಲಿಗೆ ಮನೆಮಂದಿಯೆಲ್ಲ ಗುಡಾರ, ಬಂಡಿ, ಜನರೇಟರ್ ಸಮೇತ ಹೊರಡುತ್ತಾರೆ. ಆ ಬಯಲಿಗೆ ಅರಬ್ಬಿಯಲ್ಲಿ ‘ಬರ್’ ಎಂದು ಹೆಸರು. ಕನ್ನಡದ ಬರಕ್ಕೂ ಇದಕ್ಕೂ ವ್ಯುತ್ಪತ್ತಿಯಲ್ಲಿ ಸಂಬಂಧವಿಲ್ಲ. ಮಳೆಯ ಲೆಕ್ಕ ಹಿಡಿದರೆ ಮಾತ್ರ ಎರಡನ್ನೂ ಬೇರೆ ಮಾಡುವುದು ಕಷ್ಟ.

ಮನೆಬಂಡಿಗೆ ಸಲ್ಲುವ ನಿಯಮವೇ ನೀರಿನ ಟ್ಯಾಂಕರಿಗೂ, ಕುವೈತಿಗಳು ‘ಹಾಫ್ ಲಾರಿ’ ಎನ್ನುವ ಸಾಮಾನು ಸಾಗಣೆಯ ಸಣ್ಣ ಲಾರಿಗೂ, ಕಂಪೆನಿಯ ಕೆಲಸಗಾರರನ್ನು ತುಂಬಿಕೊಂಡು ಹೋಗುವ ಕೋಸ್ಟರ್ ಬಸ್ಸಿಗೂ ಸಲ್ಲುತ್ತದೆ. ಇವುಗಳ ಸ್ಟೇರಿಂಗ್ ಹಿಡಿದವರಲ್ಲಿ ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡಿನ ಕಡೆಯವರೂ ಇರುವುದರಿಂದ ವಿಷಯ ಕನ್ನಡ ವಿದ್ವತ್ತಿನ ಸರಹದ್ದಿನೊಳಗೇ ಬರುತ್ತದೆ.

ಮೊದಲು ಪರಿಭಾಷೆ. ‘ಜೋಡಿಚಕ್ರ’ ಎಂಬ ಮಾತು ವೈಯಾಕರಣರ ಕಣ್ಣಿಗೆ ಅರಿಸಮಾಸ. ಹೊಂದದ ಎರಡು ಪದಗಳನ್ನು ಬಲವಂತವಾಗಿ ಒಂದೇ ನೊಗಕ್ಕೆ ಕಟ್ಟಿದ್ದು ಎಂದರ್ಥ. ಹೊಸ ಟಯರಿನ ಪಕ್ಕಕ್ಕೆ ಸವೆದ ಟಯರು ಹಾಕುವವರೂ ಇದನ್ನೇ ಮಾಡುತ್ತಾರೆ, ಆದ್ದರಿಂದ ಹೆಸರು ಸಾರ್ಥಕ. ಗಾಳಿಗೆ ಅರಬ್ಬಿಯಲ್ಲಿ ‘ಹವಾ’. ಈ ಪದ ಬಹಳ ಹಿಂದೆಯೇ ಕನ್ನಡಕ್ಕೆ ಬಂದು ಹವಾಮಾನವಾಗಿ ಕೂತು, ಈಚೆಗೆ ಗಾಂಧಿನಗರದಲ್ಲಿ ನಟರ ಬೆನ್ನು ಹತ್ತಿದೆ. ಶುವೈಖ್ ಕೈಗಾರಿಕಾ ಪ್ರದೇಶದ ಟಯರಂಗಡಿಯ ಮುಂದೆ ಅರಬ್ಬರು, ಪಠಾಣರು, ಬಂಗಾಳಿಗಳು, ಬೈಂದೂರಿನವರು ಒಟ್ಟಿಗೆ ನಿಂತಾಗ ದುಭಾಷಿಯಿಲ್ಲದೆ ಎಲ್ಲರಿಗೂ ತಿಳಿಯುವ ಪದ ಇದು. ಆ ಅಂಗಡಿಗೆ ಹೆಸರು ‘ಬನ್ಶರ್’. ಪಂಕ್ಚರ್ ಎಂಬ ಇಂಗ್ಲಿಷ್ ಮಾತು ಅರಬ್ಬಿಗೆ ಹೋದಾಗ ಅಲ್ಲಿ ಪಕಾರವಿಲ್ಲದ ಕಾರಣ ಬಕಾರ ತೊಟ್ಟಿತು. ಕನ್ನಡಕ್ಕೆ ಬಂದಾಗ ಕಕಾರ ಉದುರಿಸಿ ಪಂಚರ್ ಆಯಿತು. ಪಾಲು ಹಾಲಾಗಿ, ಪಂದಿ ಹಂದಿಯಾದ ನಿಯಮದಂತೆ ಇದು ‘ಹಂಚರ್’ ಆಗಬೇಕಿತ್ತು. ಡನ್ಲಪ್ ಗಾಳಿಟಯರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅಷ್ಟರಲ್ಲಿ ಆ ನಿಯಮದ ಅವಧಿ ಮುಗಿದು ಶತಮಾನಗಳೇ ಕಳೆದಿದ್ದವು.

ಒತ್ತಡದ ಮಾನ ಪಿಎಸ್‌ಐ. ಒಂದು ಚದರ ಅಂಗುಲದ ಮೇಲೆ ಬೀಳುವ ಇಷ್ಟು ಪೌಂಡ್ ಭಾರ ಎಂದು ಅರ್ಥ. ಕರ್ನಾಟಕದಿಂದ ಹೊಸದಾಗಿ ಬಂದವರು 80 ಪಿಎಸ್‌ಐ ಎಂದ ಕೂಡಲೇ ಎಂಬತ್ತು ಸಬ್ ಇನ್‌ಸ್ಪೆಕ್ಟರುಗಳನ್ನು ಕಲ್ಪಿಸಿಕೊಂಡು ಬೆಚ್ಚುವುದುಂಟು. ಒತ್ತಡದ ಮಟ್ಟಿಗೆ ಆ ಕಲ್ಪನೆಯಲ್ಲಿ ದೊಡ್ಡ ತಪ್ಪಿಲ್ಲ. ಅದೇ 80 ಪಿಎಸ್‌ಐ ಇನ್ನೊಂದು ಮಾನದಲ್ಲಿ ಸುಮಾರು 5.5 ಬಾರ್. ಮದ್ಯ ನಿಷಿದ್ಧವಾದ ಕುವೈತ್‌ನಲ್ಲಿ ಊರಿನಿಂದ ಬಂದವರಿಗೆ ಕಾಣಸಿಗುವ ಬಾರ್ ಇದೊಂದೇ.

ಇನ್ನು ಒತ್ತಡದ ಆಯ್ಕೆ. ಟಯರಿನ ಪಕ್ಕೆಯ ಮೇಲೆ ಅಚ್ಚಾದ ಗರಿಷ್ಠ ಅಂಕೆಯನ್ನೇ ವಿಧಿವಾಕ್ಯವೆಂದು ಓದುವ ರೂಢಿ ಬಹಳ ಕಡೆ ಇದೆ. ಅದು ವಿಧಿಯಲ್ಲ, ನಿಷೇಧ. ಇದಕ್ಕಿಂತ ಮೇಲೆ ಹೋಗಬೇಡ ಎಂದಷ್ಟೇ ಅದರ ತಾತ್ಪರ್ಯ. ಎಷ್ಟು ಗಾಳಿ ಬೇಕೆಂಬುದನ್ನು ನಿರ್ಣಯಿಸುವುದು ತೂಕ. ಬಂಡಿಗೆ ನೀರು, ಡೀಸೆಲ್, ಅಕ್ಕಿಮೂಟೆ, ಕಾರ್ಪೆಟ್, ಅತ್ತೆ ಮಾವಂದಿರು ಎಲ್ಲವನ್ನೂ ತುಂಬಿ ತೂಕದ ಕಟ್ಟೆಯ ಮೇಲೆ ನಿಲ್ಲಿಸಬೇಕು. ಒಂದೊಂದು ಆಕ್ಸಲ್‌ನ ಭಾರವನ್ನು, ಸಾಧ್ಯವಾದರೆ ಒಂದೊಂದು ಪಕ್ಕದ ಭಾರವನ್ನೂ, ಬೇರೆ ಬೇರೆ ಬರೆದುಕೊಳ್ಳಬೇಕು. ಫ್ರಿಜ್ಜು, ನೀರಿನ ಟ್ಯಾಂಕಿ, ಒಲೆ ಮೂರೂ ಒಂದೇ ಪಕ್ಕದಲ್ಲಿರುವ ಬಂಡಿಗಳಲ್ಲಿ ಎರಡು ಪಕ್ಕಗಳ ವ್ಯತ್ಯಾಸ ಕಣ್ಣಿಗೇ ಕಾಣುವಷ್ಟಿರುತ್ತದೆ. ಭಾರ ಹೆಚ್ಚಿದ್ದ ಪಕ್ಕಕ್ಕೆ ಟಯರು ತಯಾರಿಸಿದವರ ಕೋಷ್ಟಕ ಎಷ್ಟು ಹೇಳುತ್ತದೋ ಅಷ್ಟನ್ನೇ ಆ ಆಕ್ಸಲ್‌ನ ಎಲ್ಲ ಟಯರುಗಳಿಗೂ ತುಂಬತಕ್ಕದ್ದು. ತೂಕ ಮಾಡಿಸಲು ಆಗದವರಿಗೆ ವಾಹನ ತಯಾರಿಸಿದವರು ಬಾಗಿಲ ಬಳಿ ಅಂಟಿಸಿದ ಚೀಟಿಯೇ ಗತಿ.

ಕೋಷ್ಟಕದಲ್ಲಿ ಎರಡು ಕಂಬಸಾಲುಗಳು ಇರುತ್ತವೆ, ಒಂಟಿ ಮತ್ತು ಜೋಡಿ. ಟಯರಿನ ಮೇಲೆ 121/119 ಎಂದಿದ್ದರೆ ಮೊದಲ ಅಂಕೆ ಒಂಟಿಯಾಗಿ ಹೊರಬಲ್ಲ 1450 ಕಿಲೋ, ಎರಡನೆಯದು ಜೋಡಿಯಾದ ಮೇಲೆ ಹೊರುವ 1360 ಕಿಲೋ. ಅದೇ ಟಯರು, ಅದೇ ರಬ್ಬರು. ಜೊತೆ ಸಿಕ್ಕಿದ ಕೂಡಲೇ 90 ಕಿಲೋ ಸೋಡಿ. ಈ ವಿಚಿತ್ರಕ್ಕೆ ಕೂಡುಕುಟುಂಬ ಕಂಡವರಿಗೆ ಭಾಷ್ಯ ಬೇಕಿಲ್ಲ. ಜೋಡಿಚಕ್ರಗಳು ಒಂದೇ ಮನೆಯ ಓರಗಿತ್ತಿಯರು. ಕಾಗದದ ಮೇಲೆ ಕೆಲಸ ಸರಿಪಾಲು, ನಡೆಯುವಾಗ ಹಾಗಿಲ್ಲ. ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಉಬ್ಬಿಸಿರುವುದರಿಂದ ಎರಡು ಟಯರುಗಳ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ. ಒಬ್ಬಳಲ್ಲಿ ಗಾಳಿ ಕಡಿಮೆಯಾದರೆ ಅವಳು ಸದ್ದಿಲ್ಲದೆ ಮೈ ಹಿಂದೆಗೆಯುತ್ತಾಳೆ, ಇನ್ನೊಬ್ಬಳು ಇಬ್ಬರ ಕೆಲಸ ಎಳೆಯುತ್ತಾಳೆ, ಒಂದು ದಿನ ಸಿಡಿಯುತ್ತಾಳೆ. ಆಗ ಮನೆಯವರೆಲ್ಲ ಸಿಡಿದವಳನ್ನೇ ಬೈಯುತ್ತಾರೆ. ಸಿಡಿಯದೆ ಉಳಿದವಳ ಗಾಳಿ ನೋಡಿದವರು ಕಡಿಮೆ.

ಇಬ್ಬರ ಎತ್ತರವೂ ಒಂದೇ ಇರತಕ್ಕದ್ದು. ಎರಡೂ ಒಂದೇ ಹಬ್‌ಗೆ ಬಿಗಿದಿರುವುದರಿಂದ ಒಂದು ಸುತ್ತಿದಷ್ಟೇ ಇನ್ನೊಂದೂ ಸುತ್ತಬೇಕು. 80 ಸೆಂಟಿಮೀಟರ್ ವ್ಯಾಸದ ಟಯರಿನ ಪಕ್ಕದಲ್ಲಿ ಅದಕ್ಕಿಂತ 6 ಮಿಲಿಮೀಟರ್ ಕಿರಿದಾದದ್ದು ಇದ್ದರೆ ಪ್ರತಿ ಸುತ್ತಿಗೆ ಸುಮಾರು 19 ಮಿಲಿಮೀಟರ್ ವ್ಯತ್ಯಾಸ. ಕಾಗದದ ಲೆಕ್ಕದಲ್ಲಿ 100 ಕಿಲೋಮೀಟರಿಗೆ ಮುಕ್ಕಾಲು ಕಿಲೋಮೀಟರ್. ಅಷ್ಟು ದೂರ ಒಂದು ಟಯರು ಇನ್ನೊಂದನ್ನು ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತದೆ. ಅಬ್ದಲಿಯ ತೋಟಗಳಿಗೆ ಹೋಗುವ 80ನೇ ರಸ್ತೆಯ ಡಾಂಬರಿನ ಮೇಲೆ ಈ ಜಗಳ ರಬ್ಬರಿನ ಪುಡಿಯಾಗಿ ಉದುರುತ್ತದೆ.

ಒಳಗಿನ ಟಯರಿನಲ್ಲಿ ಗಾಳಿ ಇದೆಯೆಂದು ತಿಳಿಯುವುದು ಹೇಗೆ? ಈ ಶಾಸ್ತ್ರದ ಅತ್ಯಂತ ಜಟಿಲ ಪ್ರಶ್ನೆ ಇದು. ಉಡುಪಿಯ ಮಧ್ವಮತ ಒಪ್ಪುವ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಆಗಮವನ್ನು ಇತರ ದರ್ಶನಗಳವರು ಶಬ್ದ ಎನ್ನುತ್ತಾರೆ. ಉಡುಪಿಯಿಂದ ಬಂದ ಚಾಲಕರೂ ಮೂರರಾಚೆಗೆ ಹೋಗುವುದಿಲ್ಲ.

ಪ್ರತ್ಯಕ್ಷವೆಂದರೆ ಬಗ್ಗಿ ನೋಡುವುದು. ಒಳಟಯರು ಹೊರಟಯರಿನ ಹಿಂದೆ ಸೆರಗು ಮುಚ್ಚಿ ನಿಂತಿರುತ್ತದೆ. ಕಂಡರೂ ಫಲವಿಲ್ಲ, ಅದು ಪೂರ್ತಿ ಖಾಲಿಯಾಗಿದ್ದರೂ ಜೊತೆಯವಳು ಆಕ್ಸಲನ್ನು ಎತ್ತಿ ಹಿಡಿದಿರುವುದರಿಂದ ತುಂಬಿದಂತೆಯೇ ತೋರುತ್ತದೆ. ಇದಕ್ಕೆ ಮಾಯೆ ಎನ್ನುವವರು ಶೃಂಗೇರಿಯ ಕಡೆಯವರು. ಅನುಮಾನವೆಂದರೆ, ಹೊರಗಿನದು ಸರಿಯಿದೆ, ಆದ್ದರಿಂದ ಒಳಗಿನದೂ ಸರಿಯಿದೆ ಎನ್ನುವುದು. ತರ್ಕಶಾಸ್ತ್ರದ ಪ್ರಸಿದ್ಧ ಉದಾಹರಣೆಯಾದ ಹೊಗೆ ಮತ್ತು ಬೆಂಕಿ ಇಲ್ಲಿ ಅಕ್ಷರಶಃ ಒದಗಿಬರುತ್ತದೆ. ಗಾಳಿಯಿಲ್ಲದೆ ಓಡಿದ ಒಳಟಯರು ನುಗ್ಗುನುಗ್ಗಾಗಿ, ಕಾದು, ಹೊಗೆಯಾಡಿ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಹೊಗೆ ಕಂಡ ಮೇಲೆ ಬೆಂಕಿಯ ಅನುಮಾನ ನಿರ್ದುಷ್ಟವೇ, ಆದರೆ ಅಷ್ಟರಲ್ಲಿ ವಾಹನ ದೃಷ್ಟಾಂತವಾಗಿ ಹೋಗಿರುತ್ತದೆ.

ಮೂರನೆಯ ಶಬ್ದಪ್ರಮಾಣವನ್ನು ಚಾಲಕರು ಬಹಳ ನೆಚ್ಚುತ್ತಾರೆ. ಜಾಕ್‌ರಾಡಿನಿಂದ ಟಯರಿಗೆ ಬಡಿದು ಕಿವಿಗೊಡುವುದು ಕ್ರಮ. ಬಡಿಯಲು ರಾಡಿಲ್ಲದವರು ಚಪ್ಪಲಿಯ ಕಾಲಿನಿಂದ ಒದೆಯುತ್ತಾರೆ, ಇವರದು ಉಪಪಂಥ. ತುಂಬಿದ ಟಯರು ಟಣ್ ಎನ್ನುತ್ತದೆ, ಖಾಲಿ ಟಯರು ಧಬ್ ಎನ್ನುತ್ತದೆ. ಅಲ್ಲಿಯವರೆಗೆ ಪ್ರಮಾಣ ನಿಜ. ಆದರೆ 80ಕ್ಕೂ 64ಕ್ಕೂ ಇರುವ ವ್ಯತ್ಯಾಸ ಮಾನವ ಕಿವಿಗೆ, ಅದು ಎಷ್ಟೇ ತಾಳಮದ್ದಳೆ ಕೇಳಿದ ಕಿವಿಯಾದರೂ, ಸಿಕ್ಕುವುದಿಲ್ಲ. ಕೇಡು ಇರುವುದೂ ಅಲ್ಲೇ. ತುಂಬಬೇಕಾದ ಒತ್ತಡಕ್ಕಿಂತ ನೂರಕ್ಕೆ 20ರಷ್ಟು ಕೆಳಗೆ ಇಳಿದು ಓಡಿದ ಟಯರನ್ನು ಪಂಚರ್ ಆದದ್ದೆಂದೇ ಎಣಿಸಿ, ಕಳಚಿ, ಒಳಗಿನ ಪದರಗಳನ್ನು ಪರೀಕ್ಷಿಸಬೇಕೆಂದು ಈ ಉದ್ಯಮದ ನಿಯಮ. ಸುಮ್ಮನೆ ಗಾಳಿ ತುಂಬಿ ಹೊರಡುವಂತಿಲ್ಲ.

ಈ ಮೂರನ್ನೂ ತಳ್ಳಿಹಾಕುವ ನಾಲ್ಕನೆಯ ಮತವೊಂದು ಗಲ್ಫ್‌ನಾದ್ಯಂತ ಹಬ್ಬಿದೆ. ‘ಖಲ್ಲಿವಲ್ಲಿ’ ಎಂಬ ಒಂದೇ ಸೂತ್ರದ ಮೇಲೆ ಇದು ನಿಂತಿದೆ. ‘ಬಿಡು ಮಾರಾಯ’ ಎಂಬುದು ಇದಕ್ಕೆ ಕರಾವಳಿಯವರು ಬರೆದ ಟೀಕೆ. ಇದರ ಅನುಯಾಯಿಗಳನ್ನು ಹೆಚ್ಚಾಗಿ ಆರನೇ ರಿಂಗ್ ರೋಡಿನ ಅಂಚಿನಲ್ಲಿ, ಜಾಕ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕಾಣಬಹುದು.

ಸರ್ವಸಮ್ಮತ ಪ್ರಮಾಣ ಗೇಜ್ ಒಂದೇ. ಅದರಲ್ಲೂ ಉದ್ದ ಕಡ್ಡಿಗೆ ಮುಂದೊಂದು ಹಿಂದೊಂದು ಮೂತಿಯಿರುವ ಎರಡು ತಲೆಯ ಗೇಜ್. ಹೊರಟಯರಿನ ವಾಲ್ವ್ ಒಂದು ದಿಕ್ಕಿಗೆ, ಒಳಟಯರಿನದು ಎದುರು ದಿಕ್ಕಿಗೆ ಮುಖ ಮಾಡಿರುವುದರಿಂದ ಈ ಏರ್ಪಾಡು. ಚಕ್ರ ಕೂರಿಸುವಾಗಲೇ ಎರಡು ವಾಲ್ವ್‌ಗಳನ್ನು ಎದುರುಬದುರಾಗಿ, ಅರ್ಧ ಸುತ್ತಿನ ಅಂತರದಲ್ಲಿ ನಿಲ್ಲಿಸಿ, ಒಳಗಿನದು ಡಿಸ್ಕಿನ ತೂತಿಗೆ ಸರಿಯಾಗಿ ಬರುವಂತೆ ನೋಡಿಕೊಂಡರೆ ಮುಂದೆ ಬೈಗುಳದ ಖರ್ಚು ಉಳಿಯುತ್ತದೆ. ರಬ್ಬರಿನ ವಾಲ್ವ್ ಎಕ್ಸ್‌ಟೆನ್ಷನ್ ಹಾಕಿಸಿಕೊಂಡವರಿಗೆ ಗಾಳಿ ನೋಡುವುದು ಸುಲಭ, ಗಾಳಿ ಸೋರುವುದು ಇನ್ನೂ ಸುಲಭ. ಚಕ್ರಕ್ಕೊಂದು ಸೆನ್ಸರ್ ಇಟ್ಟು ಡ್ಯಾಶ್‌ಬೋರ್ಡಿನಲ್ಲಿ ಅಂಕೆ ಓದುವ ನವ್ಯರೂ ಈಗ ಇದ್ದಾರೆ.

ಮುಹೂರ್ತ ವಿಚಾರ. ಟಯರು ತಣ್ಣಗಿರುವಾಗ, ಎಂದರೆ ವಾಹನ ನಿಂತು ಮೂರು ಗಂಟೆಯಾದರೂ ಕಳೆದ ಮೇಲೆ, ಬಿಸಿಲು ಮೈಗೆ ತಾಗುವ ಮುಂಚೆ ಗಾಳಿ ನೋಡತಕ್ಕದ್ದು. ಬ್ರಾಹ್ಮೀ ಮುಹೂರ್ತಕ್ಕೆ ವಿಜ್ಞಾನದ ಬೆಂಬಲ ಸಿಕ್ಕಿರುವ ಕೆಲವೇ ಸಂದರ್ಭಗಳಲ್ಲಿ ಇದೊಂದು. ಜನವರಿಯ ಬೆಳಗ್ಗೆ 15 ಡಿಗ್ರಿಯಲ್ಲಿ 80 ತುಂಬಿಸಿದ ಟಯರು, ಒಂದು ಬಟ್ಟೂ ಗಾಳಿ ಸೇರಿಸದೆ, 45 ಡಿಗ್ರಿಯಲ್ಲಿ 90 ತೋರಿಸುತ್ತದೆ. ಹಾಗೆಯೇ ಬೇಸಿಗೆಯಲ್ಲಿ 80ಕ್ಕೆ ಕೂರಿಸಿದ್ದು ಬಿಡಾರದ ಕಾಲಕ್ಕೆ ತಾನಾಗಿಯೇ 71ರ ಆಸುಪಾಸಿಗೆ ಇಳಿದಿರುತ್ತದೆ. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿದೆ. ಡಾಂಬರು ಕಾಯುವುದು ಅದಕ್ಕಿಂತ ಬಹಳ ಹೆಚ್ಚು. ಓಡಿ ಬಂದ ಬಿಸಿ ಟಯರಿನಲ್ಲಿ ಅಂಕೆ ಏರಿರುವುದನ್ನು ಕಂಡು ಹೆದರಿ ಗಾಳಿ ಬಿಡುವುದು ಮಹಾಪಾತಕ. ಏರಿಕೆ ನ್ಯಾಯವಾದದ್ದು, ತಯಾರಿಸಿದವರು ಅದನ್ನು ಎಣಿಸಿಯೇ ಕೋಷ್ಟಕ ಬರೆದಿದ್ದಾರೆ. ಬಿಟ್ಟರೆ ಟಯರು ತಣಿದಾಗ ಒತ್ತಡ ಕಡಿಮೆಬೀಳುತ್ತದೆ, ಕಡಿಮೆಬಿದ್ದ ಟಯರು ಹೆಚ್ಚು ಬಳುಕುತ್ತದೆ, ಬಳುಕಿದ್ದು ಇನ್ನೂ ಕಾಯುತ್ತದೆ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಗಿನ 11ರಿಂದ ಸಂಜೆ 4ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಅಲ್ಲಿ ಕಾನೂನಿದೆ. ಅದು ಮನುಷ್ಯರಿಗೆ, ಟಯರಿಗೆ ಅನ್ವಯಿಸಿಲ್ಲ.

ನೈಟ್ರೋಜನ್ ತುಂಬಿಸಿದರೆ ಈ ಕಷ್ಟವೆಲ್ಲ ಇಲ್ಲ ಎನ್ನುವ ವಾದವೂ ಇದೆ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಉಳಿದ 22 ಪಾಲಿಗೆ ದುಡ್ಡು ಕೊಡುವುದು ಭಕ್ತರ ಇಷ್ಟ.

ಘಟ್ಟ ಹತ್ತುವಾಗ ಒತ್ತಡ ಬದಲಾಗುವುದರ ಬಗ್ಗೆ ಒಂದು ಅಧ್ಯಾಯ ಬೇಕಿತ್ತು. ಕುವೈತ್‌ನ ಅತಿ ಎತ್ತರದ ನೆಲವೇ 300 ಮೀಟರಿನ ಆಸುಪಾಸು, ಆಗುಂಬೆಯ ಅರ್ಧವೂ ಇಲ್ಲ. ಅಧ್ಯಾಯ ಮುಗಿಯಿತು.

ಮರಳಿನ ವಿಷಯ ಅಷ್ಟು ಬೇಗ ಮುಗಿಯುವುದಿಲ್ಲ. ಕ್ಯಾರವಾನ್ ಎಂಬುದು ಪಾರಸಿಯ ಕಾರವಾನ್. ಹಿಂದೆ ಅದು ಒಂಟೆಗಳ ಸಾಲು. ಒಂಟೆಯ ಪಾದ ಅಗಲ, ಮೆತ್ತಗೆ; ಭಾರ ಹರಡಿಕೊಂಡು ಮರಳಿನಲ್ಲಿ ಹೂಳದೆ ನಡೆಯುತ್ತದೆ. ಜೀಪಿನವರು ಬಯಲಿಗೆ ಇಳಿಯುವ ಮುಂಚೆ ಟಯರಿನ ಗಾಳಿಯನ್ನು ಅರ್ಧದಷ್ಟು ಇಳಿಸಿ ಅದೇ ಪಾದವನ್ನು ಅನುಕರಿಸುತ್ತಾರೆ. ಅವರನ್ನು ನೋಡಿ ಜೋಡಿಚಕ್ರದವರೂ ಹಾಗೆಯೇ ಇಳಿಸಿದರೆ ಶಾಸ್ತ್ರದಲ್ಲಿ ಚುಂಬನದೋಷ ಎನ್ನಬಹುದಾದದ್ದು ಸಂಭವಿಸುತ್ತದೆ. ಗಾಳಿ ಕಡಿಮೆಯಾದ ಎರಡು ಟಯರುಗಳ ಪಕ್ಕೆಗಳು ಉಬ್ಬಿ, ನಡುವಿನ ಸಂದು ಮುಚ್ಚಿ, ಒಂದಕ್ಕೊಂದು ತಾಗಿ ಉಜ್ಜಿಕೊಳ್ಳುತ್ತವೆ. ಆ ಸ್ನೇಹದಲ್ಲಿ ಇಬ್ಬರ ಚರ್ಮವೂ ಸುಲಿಯುತ್ತದೆ. ಆದ್ದರಿಂದ ಜೋಡಿಚಕ್ರದ ಮನೆಬಂಡಿ ಗಟ್ಟಿನೆಲ ಬಿಟ್ಟು ಇಳಿಯದಿರುವುದೇ ಉತ್ತಮ. ಇಳಿದೇ ಇಳಿಯುವವರು ಕೋಷ್ಟಕದ ಮಿತಿಯೊಳಗೆ ಸ್ವಲ್ಪವೇ ಬಿಟ್ಟು, ನಡೆಯುವ ವೇಗದಲ್ಲಿ ಹೋಗಿ, ಡಾಂಬರು ಸೇರುವ ಮುಂಚೆ ಸ್ವಂತ ಕಂಪ್ರೆಸರಿನಿಂದ ಮತ್ತೆ ತುಂಬಿಕೊಳ್ಳಬೇಕು. ಹೊರಬಂದ ಮೇಲೆ ಎರಡು ಟಯರುಗಳ ಸಂದಿಗೆ ಕಲ್ಲು ಸಿಕ್ಕಿದೆಯೇ ಎಂದು ಟಾರ್ಚ್ ಹಾಕಿ ನೋಡುವುದು ಕಡ್ಡಾಯ. ವಾಲ್ವಿನ ಮುಚ್ಚಳವನ್ನೂ ಮರೆಯುವಂತಿಲ್ಲ. ‘ತೋಝ್’ ಎಂದು ಕರೆಯುವ ದೂಳುಗಾಳಿ ಎದ್ದಾಗ ತೆರೆದ ವಾಲ್ವಿನೊಳಗೆ ಮರಳುಗಾಡು ತಾನೇ ಬಂದು ಬಿಡಾರ ಹೂಡುತ್ತದೆ.

ಮಾರ್ಚ್ ಕಳೆದ ಮೇಲೆ ಬಂಡಿ ಎಂಟು ತಿಂಗಳು ಬಿಸಿಲಲ್ಲಿ ನಿಲ್ಲುತ್ತದೆ. ಓಡುವುದಕ್ಕಿಂತ ನಿಲ್ಲುವುದರಿಂದಲೇ ಮನೆಬಂಡಿಯ ಟಯರು ಮುಪ್ಪಾಗುತ್ತದೆ. ನೆಲ ಮುಟ್ಟುವ ಗುಡ್ಡಿ ಸವೆದಿರುವುದಿಲ್ಲ, ಪಕ್ಕೆ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ಜಾತಕ ನೋಡಬೇಕು. ಪಕ್ಕೆಯ ಮೇಲಿನ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರ, ಆಮೇಲಿನೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ ಜನನ. ಜೋಡಿ ಕೂಡಿಸುವಾಗ ಎರಡರ ಜಾತಕವನ್ನೂ ಎದುರಿಗಿಟ್ಟು ನೋಡುವುದು ಇಲ್ಲಿ ಮೂಢನಂಬಿಕೆಯಲ್ಲ. ನಿಂತ ಟಯರಿಗೆ ಬಿಸಿಲು ತಾಗದಂತೆ ಹೊದಿಕೆ ಹಾಕಿ, ತಿಂಗಳಿಗೊಮ್ಮೆ ಗಾಳಿ ನೋಡತಕ್ಕದ್ದು.

ಕೊನೆಯದು ಏಳನೆಯ ಟಯರು, ಸ್ಟೆಪ್ನಿ. ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹುಟ್ಟಿದ ಬಿಡಿಚಕ್ರದ ಹೆಸರು ಇದು. ಕನ್ನಡದ ಗ್ಯಾರೇಜುಗಳಲ್ಲಿ ಇಂದಿಗೂ ಜೀವಂತ. ಬಂಡಿಯ ಹೊಟ್ಟೆಯಡಿ ನೇತಾಡುವ ಇದರ ಗಾಳಿಯನ್ನು ಯಾವ ಪ್ರಮಾಣದಿಂದಲೂ ಯಾರೂ ನೋಡುವುದಿಲ್ಲ. ಆ ಬಂಡಿಯ ಆರು ಸ್ಥಾನಗಳಲ್ಲಿ ಯಾವುದಕ್ಕೆ ಅತಿ ಹೆಚ್ಚು ಒತ್ತಡ ಬೇಕೋ ಅಷ್ಟನ್ನು ಸ್ಟೆಪ್ನಿಗೆ ತುಂಬಿಡಬೇಕು. ಸಾಲ್ಮಿ ರಸ್ತೆಯ ನಡುರಾತ್ರಿಯಲ್ಲಿ ಹೆಚ್ಚಾದ ಗಾಳಿಯನ್ನು ಬೆರಳುಗುರಿನಿಂದ ಬಿಟ್ಟುಬಿಡಬಹುದು, ಕಡಿಮೆಯಾದದ್ದನ್ನು ಬಾಯಿಂದ ಊದಿ ತುಂಬಲಾಗುವುದಿಲ್ಲ.