ಹೆಸರಿನ ಬಾಡಿಗೆ ಬಾಕಿ

ವೆಬ್‌ಸೈಟ್ ವ್ಯವಹಾರದಲ್ಲಿ ಗೆದ್ದವರ ಸಂದರ್ಶನಗಳು ಬೇಕಾದಷ್ಟು ಬಂದಿವೆ. ಗೆದ್ದವರು ಬೆಳಗ್ಗೆ ಐದಕ್ಕೆ ಏಳುತ್ತಾರೆ ಎಂಬುದನ್ನು ಬಿಟ್ಟರೆ ಅವುಗಳಿಂದ ತಿಳಿಯುವುದು ಅಷ್ಟಕ್ಕಷ್ಟೇ. ಹಾಗಾಗಿ ಈ ಸಲ ಮುಗ್ಗರಿಸಿದವರೊಬ್ಬರನ್ನು ಹುಡುಕಿಕೊಂಡು ಹೋದೆವು. ಸಿಕ್ಕಿದ್ದು ದಾವಣಗೆರೆ ಮಂಡಿಪೇಟೆ ಕಡೆಯ ಸೀರೆ ಅಂಗಡಿಯೊಂದರ ಡೊಮೈನ್ ಹೆಸರು. ನವೀಕರಣದ ಹಣ ಕಟ್ಟದೆ ಅವಧಿ ಮುಗಿದು, ದಂಡ ತೆತ್ತು ಬಿಡಿಸಿಕೊಳ್ಳಲು ಕೊಡುವ 30 ದಿನಗಳ ತ್ರಿಶಂಕು ಸ್ಥಿತಿಯಲ್ಲಿ ನೇತಾಡುತ್ತಿದೆ. ಕೆಲಸವಿಲ್ಲದ್ದರಿಂದ ಮಾತಿಗೆ ಧಾರಾಳವಾಗಿ ಸಿಕ್ಕಿತು.

ಪ್ರಶ್ನೆ: ನಮಸ್ಕಾರ. ಓದುಗರಿಗೆ ನಿಮ್ಮ ಹೆಸರು ಹೇಳಿ.

ಡೊಮೈನ್: ಹೇಳಲ್ಲ. ಹೇಳಿದ್ರೆ ನಾಳೆ ಯಾರಾದ್ರೂ ನನ್ನನ್ನ ಹರಾಜಿಗೆ ಇಡ್ತಾರೆ. ಗುರುತಿಗೆ ಇಷ್ಟು ಸಾಕು: ಉದ್ದ ಮೂವತ್ತೊಂದು ಅಕ್ಷರ, ನಡುವೆ ಎರಡು ಅಡ್ಡಗೆರೆ. ಇಂಗ್ಲಿಷಿನಲ್ಲಿ 'ಶ್ರೀ'ಯನ್ನ ನಾಲ್ಕು ಥರ ಬರೀಬಹುದು ನೋಡಿ, ಅದರಲ್ಲಿ ಮೂರು ಆಗಲೇ ಬೇರೆಯವರ ಪಾಲಾಗಿದ್ವು. ಉಳಿದ ಒಂದಕ್ಕೆ ಸಂಖ್ಯಾಶಾಸ್ತ್ರದವರು ಇನ್ನೊಂದು 'ಎ' ತುರುಕಿದ್ರು. ಫೋನಿನಲ್ಲಿ ನನ್ನನ್ನ ಬಿಡಿಸಿ ಹೇಳಿ ಮುಗಿಸೋ ಹೊತ್ತಿಗೆ ಗಿರಾಕಿ ಎದುರಂಗಡಿಯಲ್ಲಿ ಬಿಲ್ ಮಾಡಿಸಿರ್ತಾರೆ.

ಪ್ರಶ್ನೆ: ಆದರೂ ಸ್ವಂತ ಡೊಮೈನ್ ಎಂದರೆ ಅಂಗಡಿಗೆ ಒಂದು ಆಸ್ತಿ ತಾನೇ?

ಡೊಮೈನ್: ಯಾರು ಹೇಳಿದ್ದು? 'ಡೊಮೈನ್ ತಗೊಂಡೆ' ಅಂತಾರೆ ಎಲ್ಲರೂ. ತಗೊಳ್ಳೋದಲ್ಲ ಸ್ವಾಮಿ, ಬಾಡಿಗೆ. ಒಂದು ಸಲಕ್ಕೆ ಹತ್ತು ವರ್ಷದ ಮೇಲೆ ಯಾರಿಗೂ ಬರೆದುಕೊಡಲ್ಲ. 1985ರ ಮಾರ್ಚ್ 15ರಂದು ಅಮೆರಿಕದ ಸಿಂಬಾಲಿಕ್ಸ್ ಕಂಪನಿ ಮೊದಲನೇ ಡಾಟ್ ಕಾಂ ಹೆಸರು ಬರೆಸಿದಾಗ ಬಾಡಿಗೆಯೂ ಇರಲಿಲ್ಲ, ಪುಕ್ಕಟೆ. 1995ರಲ್ಲಿ ಎರಡು ವರ್ಷಕ್ಕೆ 100 ಡಾಲರ್ ಅಂತ ವಸೂಲಿ ಶುರುವಾಯ್ತು. ಈಗ ಡಾಟ್ ಕಾಂ ಖಾತೆ ಇಟ್ಟುಕೊಂಡಿರೋದು ವೆರಿಸೈನ್ ಅನ್ನೋ ಕಂಪನಿ. ನನ್ನಂಥವರು ಅಲ್ಲಿ 15 ಕೋಟಿಗೂ ಮೇಲಿದ್ದೀವಿ, ತಲೆಗೆ ವರ್ಷಕ್ಕೆ ಹತ್ತು ಡಾಲರ್ ಚಿಲ್ಲರೆ ಅಲ್ಲಿಗೆ ಹೋಗುತ್ತೆ. ಲೆಕ್ಕ ನೀವೇ ಹಾಕಿ. ಅಲ್ಲಿ ಕೆಲಸ ಮಾಡೋರು ಸಾವಿರ ಜನವೂ ಇಲ್ಲ. ಒಬ್ಬರಿಗೂ ವೆಬ್‌ಸೈಟ್ ಕಟ್ಟಿಕೊಡಲ್ಲ, ಲೋಗೋ ಬರೆಯಲ್ಲ, 'ಸ್ವಲ್ಪ ಎದ್ದು ಕಾಣೋ ಹಂಗೆ ಮಾಡಿ' ಅನ್ನೋ ಗಿರಾಕಿ ಹತ್ತಿರಕ್ಕೂ ಬರಲ್ಲ. ಟೋಲ್ ಗೇಟ್ ಹಾಕಿಕೊಂಡು ಕೂತಿದ್ದಾರೆ. ಯಶಸ್ವಿ ವೆಬ್ ಉದ್ಯಮ ನೋಡಬೇಕು ಅಂದ್ರೆ ಅಲ್ಲಿಗೆ ಹೋಗಿ, ನನ್ನ ಹತ್ತಿರ ಯಾಕೆ ಬಂದ್ರಿ?

ಪ್ರಶ್ನೆ: ನಿಮ್ಮ ಹುಟ್ಟಿನ ವಿಚಾರ ಕೇಳೋಣ ಅಂತ.

ಡೊಮೈನ್: 2016, ಆಯುಧಪೂಜೆಗೆ ಮುಂಚೆ. ಎದುರಂಗಡಿಯವರು ವೆಬ್‌ಸೈಟ್ ಮಾಡಿಸಿದ್ರು, ಅದಕ್ಕೆ ನಮ್ಮ ಸಾಹುಕಾರ್ರಿಗೂ ಬೇಕಾಯ್ತು. ಬೇರೆ ಕಾರಣ ಏನಿಲ್ಲ. ಸೊಸೆಯ ತಮ್ಮನ ಗೆಳೆಯ ಒಬ್ಬ ಹುಡುಗ ಈ ಕೆಲಸ ಮಾಡ್ತಿದ್ದ. ಡೊಮೈನ್, ಹೋಸ್ಟಿಂಗ್, ಐದು ಪುಟ, ಎಲ್ಲಾ ಸೇರಿ 12 ಸಾವಿರ ಅಂದ. ಎಂಟಕ್ಕೆ ಇಳಿಸಿದ್ರು. ಎರಡು ಅಡ್ವಾನ್ಸ್, ಸೈಟ್ ಆದಮೇಲೆ ಮೂರು, ಮಿಕ್ಕ ಮೂರು 'ದೀಪಾವಳಿ ಕಳೀಲಿ ತಮ್ಮಾ'. ಯಾವ ವರ್ಷದ ದೀಪಾವಳಿ ಅಂತ ಹುಡುಗ ಕೇಳಲಿಲ್ಲ, ಇವರು ಹೇಳಲಿಲ್ಲ.

ಉದ್ಘಾಟನೆ ಮಾತ್ರ ಭರ್ಜರಿ. ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ, ಮೌಸ್ ಮೇಲೆ ಸೇವಂತಿಗೆ. ಸಾಹುಕಾರ್ರ ತಾಯಿ ಕೈಯಲ್ಲಿ ಕ್ಲಿಕ್ ಮಾಡಿಸಿದ್ರು. ಪುಟ ತೆರೆಯಲಿಲ್ಲ. ಅಜ್ಜಿ ಇನ್ನೊಂದು ಸಲ ಒತ್ತಿದ್ರು. ಮದುವೆ ಫೋಟೋಗ್ರಾಫರ್ ತೆಗೆದುಕೊಟ್ಟ ಫೋಟೋಗಳನ್ನ ಹುಡುಗ ಕುಗ್ಗಿಸದೆ ಇದ್ದ ಹಾಗೇ ಏರಿಸಿದ್ದ, ಒಂದೊಂದೂ ಆರೇಳು ಎಂಬಿ. ಅಂಥ ಐದು ಫೋಟೋ ಉರುಳೋ ಸ್ಲೈಡರ್ ಬೇರೆ. ಜನ ಕೇಸರಿಬಾತ್ ತಿಂದು ಕೈ ತೊಳೆದು ಬರೋ ಹೊತ್ತಿಗೆ ಮೇಲಿನ ಅರ್ಧ ಸೀರೆ ಕಾಣಿಸಿತು. ಚಪ್ಪಾಳೆ ಬಿತ್ತು.

ಪ್ರಶ್ನೆ: ವ್ಯಾಪಾರ ಕುದುರಿತೇ?

ಡೊಮೈನ್: ಗಿರಾಕಿ ಬಂದಿಲ್ಲ ಅಂತ ಹೇಳಲ್ಲ. ಬಂದವರನ್ನ ಮಾತಾಡಿಸಿದವರು ಯಾರೂ ಇಲ್ಲ. 'ನಮ್ಮನ್ನು ಸಂಪರ್ಕಿಸಿ' ಅಂತ ಒಂದು ಪುಟ ಇತ್ತು. ಅಲ್ಲಿ ಬರೆದದ್ದೆಲ್ಲ ಒಂದು ಇಮೇಲ್ ಪೆಟ್ಟಿಗೆಗೆ ಬೀಳೋದು. ಅದರ ಪಾಸ್‌ವರ್ಡ್ ಅನ್ನ ಹುಡುಗ ಒಂದು ಚೀಟಿ ಮೇಲೆ ಬರೆದು ಕೊಟ್ಟಿದ್ದ. ಚೀಟಿ ಗಲ್ಲಾಪೆಟ್ಟಿಗೆ ಒಳಗೆ ಲಕ್ಷ್ಮಿ ಫೋಟೋ ಹಿಂದೆ ಈಗಲೂ ಭದ್ರವಾಗಿದೆ. ಪೆಟ್ಟಿಗೆ ತುಂಬ 'ಮಾನ್ಯರೇ, ತಮ್ಮ ವೆಬ್‌ಸೈಟ್ ಗೂಗಲ್‌ನ ಮೊದಲನೇ ಪುಟದಲ್ಲಿ ಬರ್ತಿಲ್ಲ, ನಾವು ತರಿಸಿಕೊಡ್ತೀವಿ' ಅನ್ನೋ ಕಾಗದಗಳು. ಅವುಗಳ ನಡುವೆ ಒಂದೇ ಒಂದು ನ್ಯೂಜೆರ್ಸಿಯಿಂದ ಬಂದದ್ದು. ಮಗಳ ಮದುವೆಗೆ ಟೋಪತೆನಿ ಸೆರಗಿನ ಇಳಕಲ್ ಸೀರೆ ಆರು ಬೇಕು, ಅದರಲ್ಲಿ ಎರಡು ದಾಳಿಂಬೆ ಬಣ್ಣದ್ದು, ಇಲ್ಲಿಗೆ ಕಳಿಸ್ತೀರಾ, ಹಣ ಮೊದಲೇ ಹಾಕ್ತೀವಿ ಅಂತ ಆ ತಾಯಿ ಬರೆದಿದ್ರು. ಹದಿನೈದು ದಿನ ಬಿಟ್ಟು 'ನನ್ನ ಪತ್ರ ತಲುಪಿತೇ?' ಅಂತ ಇನ್ನೊಂದು. ಆ ಮಗಳಿಗೆ ಈಗ ಮಕ್ಕಳೂ ಆಗಿರಬೇಕು.

ಪ್ರಶ್ನೆ: ನಿಮ್ಮನ್ನು ಕಟ್ಟಿದ ಹುಡುಗ?

ಡೊಮೈನ್: ಪಾಪ, ಒಳ್ಳೆಯವನೇ. ತಿಂಗಳಿಗೆ ನಾಲ್ಕು ಸೈಟ್ ಕಟ್ಟಿದ್ರೆ ನಾಲ್ಕರ ಹಣ, ಕಟ್ಟದಿದ್ರೆ ಸೊನ್ನೆ. ಹಳೇ ಗಿರಾಕಿಗಳ ಫೋನ್ ಮಾತ್ರ ದಿನಾ: 'ರೇಟ್ ಬದಲಾಯ್ಸಿ', 'ಅಪ್ಪಾಜಿ ಫೋಟೋ ದೊಡ್ಡದು ಮಾಡಿ'. ಆ ಕೆಲಸಕ್ಕೆ ಬಿಲ್ ಇಲ್ಲ, ಯಾಕಂದ್ರೆ ಮೊದಲ ದಿನವೇ 'ಲೈಫ್‌ಟೈಮ್ ಸಪೋರ್ಟ್ ಫ್ರೀ' ಅಂತ ಬಾಯಿ ಬಿಟ್ಟಿದ್ದ. ಯಾರ ಲೈಫ್ ಅಂತ ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ ಹಿಡಿದ. ನಾನಿರೋದು ಅವನ ಹಳೇ ಇಮೇಲ್ ಹೆಸರಿನಲ್ಲಿ. ಅವಧಿ ಮುಗಿಯೋಕೆ ಸುಮಾರು ಒಂದು ತಿಂಗಳು ಇರುವಾಗ ಒಂದು, ಒಂದು ವಾರ ಇರುವಾಗ ಇನ್ನೊಂದು, ಮುಗಿದ ಐದು ದಿನದೊಳಗೆ ಮತ್ತೊಂದು ಎಚ್ಚರಿಕೆ ಕಳಿಸಲೇಬೇಕು ಅಂತ ನಿಯಮ ಇದೆ. ಮೂರೂ ಬಂದ್ವು. ಪಿಜ್ಜಾ ಆಫರ್‌ಗಳ ಸಾಲಿನಲ್ಲಿ ಹೋಗಿ ಮಲಗಿದ್ವು.

ಪ್ರಶ್ನೆ: ಇಂಥ ಮರೆವು ಸಣ್ಣಪುಟ್ಟವರಿಗೆ ಮಾತ್ರವೇ?

ಡೊಮೈನ್: ಅಯ್ಯೋ! 1999ರ ಕ್ರಿಸ್‌ಮಸ್ ಸಮಯದಲ್ಲಿ ಮೈಕ್ರೋಸಾಫ್ಟ್‌ನವರೇ ಪಾಸ್‌ಪೋರ್ಟ್ ಡಾಟ್ ಕಾಂ ಹಣ ಕಟ್ಟೋದು ಮರೆತರು. ಅದನ್ನೇ ನಂಬಿದ್ದ ಅವರ ಇಮೇಲ್ ಸೇವೆ ಹಾಟ್‌ಮೇಲ್‌ಗೆ ಎಷ್ಟೋ ಜನ ಲಾಗಿನ್ ಆಗೋಕೆ ಆಗಲಿಲ್ಲ. ಯಾರೋ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿ ಮಾನ ಉಳಿಸಿದ. 2015ರಲ್ಲಿ ಗೂಗಲ್ ಡಾಟ್ ಕಾಂ ಹೆಸರೇ ಒಂದು ನಿಮಿಷ 12 ಡಾಲರಿಗೆ ಕೈಬದಲಾಯ್ತು, ಅದೂ ಗೂಗಲ್‌ನ ಸ್ವಂತ ಅಂಗಡಿಯಲ್ಲೇ. ಕೊಂಡವನು ಅಲ್ಲೇ ಹಿಂದೆ ಕೆಲಸ ಮಾಡಿದ್ದ ಸನ್ಮಯ್ ವೇದ್. ಬಹುಮಾನ ಅಂತ 6,006.13 ಡಾಲರ್ ಕೊಟ್ಟರು. ಅಂಕಿಗಳನ್ನ ಓರೆಗಣ್ಣಲ್ಲಿ ನೋಡಿದ್ರೆ ಗೂಗಲ್ ಅಂತ ಓದಬಹುದಂತೆ, ದೊಡ್ಡವರ ತಮಾಷೆ. ಆತ ದಾನ ಮಾಡಿ ಅಂದಿದ್ದಕ್ಕೆ ಎರಡರಷ್ಟು ಮಾಡಿ ಆರ್ಟ್ ಆಫ್ ಲಿವಿಂಗ್‌ಗೆ ಕೊಟ್ಟರು. ನನಗೆ ಅಂಥ ಯೋಗ ಎಲ್ಲಿ? 35 ಡಾಲರ್ ಬೇಡ, 35 ರೂಪಾಯಿ ಕಟ್ಟೋರಿಲ್ಲ.

ಪ್ರಶ್ನೆ: ಹಾಗಾದರೆ ಈ ವ್ಯವಹಾರದಲ್ಲಿ ಬೆಳೆಯುವುದು ಹೇಗೆ? ನಮ್ಮ ಓದುಗರಲ್ಲಿ ಹಲವರು ಇದನ್ನೇ ಕೇಳುತ್ತಾರೆ.

ಡೊಮೈನ್: ಎದುರಂಗಡಿ ಸೈಟ್ ಮಾಡಿದ ಹುಡುಗಿಯನ್ನ ಕೇಳಿ. ಪಿ.ಜೆ. ಬಡಾವಣೆಯಲ್ಲಿ ಒಂದು ಮಹಡಿ ಕೋಣೆ, ಜೊತೆಗೆ ಇಬ್ಬರು. ಸೈಟ್ ಕಟ್ಟೋದಕ್ಕೆ ನಮ್ಮ ಹುಡುಗನಿಗಿಂತ ಕಡಿಮೆ ತಗೊಂಡ್ಳು, ಆದ್ರೆ ವರ್ಷವರ್ಷದ ನಿರ್ವಹಣೆ ಒಪ್ಪಂದಕ್ಕೆ, ಅಂದ್ರೆ ಎಎಂಸಿಗೆ, ಸಹಿ ಮಾಡಿಸದೆ ಕೀಬೋರ್ಡ್ ಮುಟ್ಟಲಿಲ್ಲ. ತಿಂಗಳಿಗೆ ಎಷ್ಟು ತಿದ್ದುಪಡಿ, ಅದರ ಮೇಲಾದ್ರೆ ಎಷ್ಟು, ಎಲ್ಲಾ ಕಾಗದದ ಮೇಲೆ, ತೆರಿಗೆ ಬೇರೆ ಅಂತ ದಪ್ಪ ಅಕ್ಷರದಲ್ಲಿ. ಡೊಮೈನ್ ಗಿರಾಕಿಯ ಇಮೇಲ್‌ನಲ್ಲಿ, ಗಿರಾಕಿಯ ಕಾರ್ಡಿನಲ್ಲಿ. ಗಿರಾಕಿ ಬಿಟ್ಟು ಹೋಗಬೇಕು ಅಂದ್ರೆ ಕೀಲಿಕೈ ಅವನ ಹತ್ತಿರವೇ ಇದೆ. ಅದಕ್ಕೇ ಯಾರೂ ಹೋಗಲ್ಲ, ವಿಚಿತ್ರ.

ಸಂಪರ್ಕದ ಪುಟ ಕಿತ್ತುಹಾಕಿ ವಾಟ್ಸಾಪ್ ಬಟನ್ ಇಟ್ಟಳು, ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಕೂರಿಸಿದ್ಳು. ಆಮೇಲೆ ಗಮನಿಸಿದ್ಳು: ಎಲ್ಲಾ ಸೀರೆ ಅಂಗಡಿಯವರೂ ಹೊಸ ಮಾಲು ಬಂದ ದಿನ ಫೋಟೋ ತೆಗೆದು ಹಳೇ ಗಿರಾಕಿಗಳಿಗೆ ಕಳಿಸೋಕೆ ಒದ್ದಾಡ್ತಾರೆ. ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆದು ಒಬ್ಬರಿಗೆ ಕೊಟ್ಟಳು. ಈಗ ಅದನ್ನೇ ಚಿತ್ರದುರ್ಗ, ಹರಿಹರ, ರಾಣೆಬೆನ್ನೂರು ಅಂಗಡಿಗಳಿಗೆ ತಿಂಗಳ ಬಾಡಿಗೆಗೆ ಬಿಟ್ಟಿದ್ದಾಳೆ. ಒಂದು ಸಲ ಬರೆದದ್ದು, ಪ್ರತಿ ತಿಂಗಳೂ ದುಡಿಯುತ್ತೆ. ಹೊಸ ವಿದ್ಯೆ ಏನಲ್ಲ. ಶಿಕಾಗೋದ 37ಸಿಗ್ನಲ್ಸ್ 1999ರಲ್ಲಿ ವೆಬ್ ಡಿಸೈನ್ ಅಂಗಡಿಯಾಗಿ ಶುರುವಾದದ್ದು. ತಮ್ಮ ಗಿರಾಕಿಗಳ ಕೆಲಸ ನಿಭಾಯಿಸೋಕೆ ಮಾಡಿಕೊಂಡ ಬೇಸ್‌ಕ್ಯಾಂಪ್ ಅನ್ನ 2004ರಲ್ಲಿ ಮಾರೋಕೆ ಇಟ್ಟರು. ಆಮೇಲೆ ಬೇರೆಯವರಿಗೆ ಸೈಟ್ ಕಟ್ಟಿಕೊಡೋ ಕೆಲಸವನ್ನೇ ಬಿಟ್ಟರು.

ಪ್ರಶ್ನೆ: ಪ್ರಚಾರಕ್ಕೆ ಕೋಟಿಗಟ್ಟಲೆ ಬೇಕಲ್ಲವೇ?

ಡೊಮೈನ್: ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜೊತೆಗಾರ ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರಲ್ಲಿ ಹಾಟ್‌ಮೇಲ್ ಶುರು ಮಾಡಿದಾಗ, ಹೋಗೋ ಪ್ರತಿ ಕಾಗದದ ಅಡಿಯಲ್ಲೂ 'ನಿಮಗೂ ಪುಕ್ಕಟೆ ಇಮೇಲ್ ಬೇಕೇ' ಅನ್ನೋ ಅರ್ಥದ ಒಂದು ಸಾಲು ಇತ್ತು, ಅದೇ ಜಾಹೀರಾತು. ಮುಂದಿನ ವರ್ಷ ಮೈಕ್ರೋಸಾಫ್ಟ್ ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಬಸ್ ಟಿಕೆಟ್ ಮಾರೋ ರೆಡ್‌ಬಸ್ ಸೈಟಿನ ಫಣೀಂದ್ರ ಸಾಮ 2005ರ ದೀಪಾವಳಿಗೆ ಬೆಂಗಳೂರಿಂದ ಹೈದರಾಬಾದಿಗೆ ಬಸ್ ಸಿಗದೆ ಪೇಚಾಡಿದ ಕಥೆ ನಿಮಗೂ ಗೊತ್ತಿರಬೇಕು. ಅಂಥ ವ್ಯವಹಾರದಲ್ಲಿ ಸೈಟ್ ಕಟ್ಟೋದು ಸಲೀಸು. ಬಸ್ ಮಾಲೀಕರನ್ನ ಕೂರಿಸಿಕೊಂಡು ಒಪ್ಪಿಸೋದು ಕಷ್ಟ. ನಮ್ಮ ಸಾಹುಕಾರ್ರು ಮಾತ್ರ ಹತ್ತು ಸಾವಿರ ಬಟ್ಟೆ ಚೀಲದ ಮೇಲೆ ನನ್ನ ಹೆಸರು ಅಚ್ಚು ಹಾಕಿಸಿದ್ರು. ಜಿಲ್ಲೆಯ ಸಂತೆಗಳಲ್ಲಿ ಸೊಪ್ಪು, ಮೆಣಸಿನಕಾಯಿ ಹೊರೋದು ಈಗ ಆ ಚೀಲಗಳೇ.

ಪ್ರಶ್ನೆ: ನಿಮ್ಮ ಮುಂದಿನ ಗತಿ?

ಡೊಮೈನ್: 30 ದಿನದೊಳಗೆ ದಂಡ ಸಮೇತ ಕಟ್ಟಿದ್ರೆ ವಾಪಸ್. ಇಲ್ಲ ಅಂದ್ರೆ 5 ದಿನ ಅಳಿಸೋ ಸರದಿಯಲ್ಲಿ ನಿಲ್ಲಿಸ್ತಾರೆ, ಆಮೇಲೆ ಯಾರು ಮೊದಲು ಹಿಡೀತಾರೋ ಅವರಿಗೆ. ಹಳೇ ಹೆಸರು ಅಂದ್ರೆ ರಮ್ಮಿ ಆಟದವರಿಗೆ ಬಲು ಪ್ರೀತಿ. ಚೀಲ ನೋಡಿ ಸೀರೆ ಹುಡುಕೋಕೆ ಬಂದ ಹೆಣ್ಣುಮಕ್ಕಳಿಗೆ ನಾನು ಇಸ್ಪೀಟ್ ಎಲೆ ತೋರಿಸಬೇಕಾಗುತ್ತೆ.

ಪ್ರಶ್ನೆ: ಸಾಹುಕಾರರಿಗೆ ಯಾರೂ ತಿಳಿಸಲಿಲ್ಲವೇ?

ಡೊಮೈನ್: ನಿನ್ನೆ ಗೊತ್ತಾಯ್ತು. ಮೊಮ್ಮಗಳು ನಾನು ನೋಂದಣಿ ಆಗಿರೋ ಕಂಪನಿಯ ಚಾಟ್ ತೆರೆದುಕೊಟ್ಟಳು. ದಂಡದ ಮೊತ್ತ ನೋಡಿದ್ರು, ಕನ್ನಡಕ ಸರಿಮಾಡಿಕೊಂಡ್ರು, 'ಕೊನೇ ರೇಟ್ ಹೇಳಿ' ಅಂತ ಟೈಪ್ ಮಾಡಿಸಿದ್ರು. 'ಕ್ಷಮಿಸಿ, ನಿಮ್ಮ ಪ್ರಶ್ನೆ ಅರ್ಥವಾಗಲಿಲ್ಲ' ಅಂತ ಬಂತು. 'ಎದುರಂಗಡಿಯವರಿಗೆ ಎಷ್ಟಕ್ಕೆ ಕೊಟ್ಟಿದ್ದೀರಿ?' ಅಂದ್ರು. ಮತ್ತೆ ಅದೇ ಉತ್ತರ. ಸಾಹುಕಾರ್ರು ಮೊಮ್ಮಗಳ ಕಡೆ ತಿರುಗಿ, 'ಹುಡುಗ ಗಟ್ಟಿಗ, ಜಗ್ಗಲ್ಲ. ನಾಳೆ ಬೋಣಿ ಹೊತ್ತಿಗೆ ಮತ್ತೆ ಕೇಳು, ಇಳೀತಾನೆ' ಅಂದ್ರು.