ಕ್ರಯವೋ, ಭೋಗ್ಯವೋ?

(ತಾತ ನಿವೃತ್ತ ಸಬ್‌ರಿಜಿಸ್ಟ್ರಾರ್. ‘ಕೊಂಡೆ’ ಅಂತ ಯಾರಾದರೂ ಅಂದರೆ ಪತ್ರ ಕೇಳುವ ಚಾಳಿ ಇನ್ನೂ ಹೋಗಿಲ್ಲ.)

ತಾತ: ಏನೋ ಅಷ್ಟು ಹೊತ್ತಿಂದ ಓದ್ತಿದ್ದೀಯ?

ಮೊಮ್ಮಗ: ‘ದಿ ಕ್ರೂ’ ಅನ್ನೋ ಕಾರ್ ರೇಸಿನ ಗೇಮ್ ಕಥೆ ತಾತ. 2014ರಲ್ಲಿ ಯೂಬಿಸಾಫ್ಟ್ ತಂದಿದ್ದು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದ್ರು.

ತಾತ: ಮುಚ್ಚಲಿ ಬಿಡು. ಕೊಂಡವನು ಒಬ್ಬನೇ ಆಡ್ಕೋತಾನೆ.

ಮೊಮ್ಮಗ: ಒಬ್ಬನೇ ಆಡೋಕೂ ಅವರ ಸರ್ವರೇ ಬೇಕು.

ತಾತ: ಡಿಸ್ಕ್ ಇರುತ್ತಲ್ಲೋ!

ಮೊಮ್ಮಗ: ಇರುತ್ತೆ. ಅದರ ಮೇಲೆ ಕಾಫಿ ಲೋಟ ಇಡಬಹುದು.

ತಾತ: ಹಾಗಾದ್ರೆ ಅದು ಕ್ರಯ ಅಲ್ಲ, ಭೋಗ್ಯ. ಭೋಗ್ಯದ ಮನೆ ಬಿಡಿಸಿದ್ರೂ ದುಡ್ಡು ವಾಪಸ್ ಕೊಡ್ತಾರೆ ಕಣೋ!

ಮೊಮ್ಮಗ: ಈಚೆಗೆ ಕೊಂಡಿದ್ದವರಿಗೆ ಕೊಟ್ರಂತೆ. ಮಿಕ್ಕವರಿಗೆ ನೆನಪು ಉಳೀತು.

ತಾತ: ಜನ ಸುಮ್ನಿದ್ರಾ?

ಮೊಮ್ಮಗ: ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೆ ಹೋದ್ರು. ಆದ್ರೆ ಗೇಮ್ ಆಡೋರು ಬೈತಾನೇ ಕೊಳ್ಳೋ ಜನ ತಾತ. 2006ರಲ್ಲಿ ‘ಆಬ್ಲಿವಿಯನ್’ ಗೇಮಿನ ಕುದುರೆಗೆ ಕವಚ ಅಂತ ಎರಡೂವರೆ ಡಾಲರ್ ಕೇಳಿದ್ರು. ಊರೆಲ್ಲ ನಕ್ಕಿತು, ಕವಚವೂ ಮಾರಾಟವಾಯ್ತು.

ತಾತ: ಕುದುರೆಗೆ ಏನುಪಯೋಗ?

ಮೊಮ್ಮಗ: ಕುದುರೆಗಿಂತ ಕಂಪನಿಗೇ ಜಾಸ್ತಿ. 2025ರಲ್ಲಿ ಅದೇ ಗೇಮ್ ಹೊಸ ರೂಪದಲ್ಲಿ ಬಂದಾಗ, ದುಬಾರಿ ಆವೃತ್ತಿಯಲ್ಲಿ ಮತ್ತೆ ಕುದುರೆ ಕವಚ!

ತಾತ: ಸರ್ಕಾರ ಅಂತ ಒಂದಿಲ್ವೇನೋ?

ಮೊಮ್ಮಗ: ಇದೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಕಾನೂನು ಬಂದಿದೆ. ‘ಕೊಳ್ಳಿ’ ಅಂತ ಬಟನ್ ಹಾಕೋರು, ನೀವು ಪಡೀತಿರೋದು ಬರೀ ಲೈಸೆನ್ಸ್ ಅಂತ ಮೊದಲೇ ತಿಳಿಸಬೇಕು.

ತಾತ: ತಿಳಿಸಿದ ಮೇಲೆ ಮುಚ್ಚಬಹುದೋ?

ಮೊಮ್ಮಗ: ಧಾರಾಳವಾಗಿ. ಮುಚ್ಚಬಾರದು ಅಂತ ಆ ಕಾನೂನು ಹೇಳೋದಿಲ್ಲ.