ಹೂವಳ್ಳಿ, ಕೋಣೂರು, ನಮ್ಮ ಕಮಠಾಣ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಬಂದದ್ದು 1967ರಲ್ಲಿ. ಬಯಲುಸೀಮೆಯ ಕಮಠಾಣದಲ್ಲಿ, ತೊಗರಿ ಹೊಲದ ಬದುವಿನ ಮೇಲೆ ಕೂತು ಅದನ್ನು ಓದುವುದು ಹುಡುಗಾಟವಲ್ಲ. ಹೂವಳ್ಳಿ, ಕೋಣೂರು, ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ... ಒಂದೊಂದು ಮನೆಗೂ ಒಂದೊಂದು ಹಿಂಡು ಜನ! ಗುತ್ತಿ-ತಿಮ್ಮಿಯರ ಹಿಂದೆ ಓಡುತ್ತಿದ್ದರೆ ಮುಕುಂದಯ್ಯ-ಚಿನ್ನಮ್ಮ ಅಡ್ಡ ಬರುತ್ತಾರೆ. ಅವರನ್ನು ಹಿಡಿಯುವಷ್ಟರಲ್ಲಿ ಐತ-ಪೀಂಚಲು. ನಡುವೆ 1893ರ ಚಿಕಾಗೊದಲ್ಲಿ ವಿವೇಕಾನಂದರು ಬೇರೆ. ಗೊಬ್ಬರದಂಗಡಿ ರಸೀದಿಯ ಮೇಲೆಯೇ ವಂಶವೃಕ್ಷ ಬರೆಯತೊಡಗಿದೆ. ಬಾಣಕ್ಕೆ ಬಾಣ ತಾಗಿ ಯೂರಿಯಾ ರೇಟೂ ಕಾಣದಾಯಿತು.

ಪಕ್ಕದಲ್ಲಿ ಬ್ಯಾಳಿ ಆರಿಸುತ್ತಿದ್ದ ಆಯಿ ನಕ್ಕಳು. “ಇದ್ರಾಗ ಏನ್ ಅದನೋ ತಮ್ಮಾ? ಭಾಲ್ಕಿಯಾಕಿ ನನಗ ಮಗಳು, ನನ್ನ ತಮ್ಮಗ ಹೆಂಡ್ತಿ. ಆಕಿ ಮಗಳು ಔರಾದದಾಗ ನನ್ನ ಸಣ್ಣ ಮಗಗ ಹೆಂಡ್ತಿ. ನಾ ಏನ್ ಚೀಟಿ ಬರ್ದಿಟ್ಟೀನೇನು?”

ಕುವೆಂಪು ಸುಲಭ, ಆಯಿಯೇ ಕಷ್ಟ ಎನ್ನಿಸಿತು. ಕಾದಂಬರಿಗೆ ಕೊನೆಯ ಪುಟವಾದರೂ ಉಂಟು.

ಹೊಸದಾಗಿ ಓದುವವರಿಗೆ ಒಂದು ಮಾತು: ಹುಲಿಯ ಯಾರ ಮಗ, ಯಾರ ಅಳಿಯ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅದು ಗುತ್ತಿಯ ನಾಯಿ.